ಚಳಿಗಾಲದ ಸಾಲ್ಮನ್ ತವರಿಗೆ ಹೋಗುವುದಿಲ್ಲ

ಕಳೆದ ತಿಂಗಳು ಇಲ್ಲಿನ ಕನ್ನಡ ಕೂಟವೊಂದರಿಂದ ಫೋನ್ ಬಂದಿತ್ತು. ಯುಗಾದಿಯ ಸ್ಮರಣ ಸಂಚಿಕೆಗೆ ನನ್ನ ಹಳೆಯ ಪ್ರಬಂಧವೊಂದನ್ನು ಮತ್ತೆ ಅಚ್ಚು ಹಾಕಿಸುತ್ತಾರಂತೆ. ವ್ಯಾಂಕೂವರಿಗೆ ಬಂದ ಮೊದಲ ವರ್ಷ, ಅಕ್ಟೋಬರಿನಲ್ಲಿ, ಒಂದು ಹೊಳೆಯ ಸೇತುವೆಯ ಮೇಲೆ ನಿಂತು ಸಾಲ್ಮನ್ ಮೀನುಗಳು ಹರಿವಿಗೆ ಎದುರಾಗಿ ನೆಗೆಯುವುದನ್ನು ನೋಡಿ ಬರೆದದ್ದು. ಹೊಳೆಯಲ್ಲಿ ಹುಟ್ಟಿದ ಮೀನು ಕಡಲಿಗೆ ಹೋಗುತ್ತದೆ, ವರ್ಷಗಳಾದ ಮೇಲೆ ಹುಟ್ಟಿದ ನೀರಿನ ವಾಸನೆ ಹಿಡಿದು ತವರಿಗೆ ಮರಳುತ್ತದೆ, ನಾವೂ ಹಾಗೆಯೇ ಅಲ್ಲವೇ, ಇತ್ಯಾದಿ. ಕೊನೆಯ ಸಾಲಿನಲ್ಲಿ ನಾನೂ ಒಂದು ಸಾಲ್ಮನ್ ಎಂದು ಬರೆದುಕೊಂಡಿದ್ದೆ. ಅದನ್ನು ಓದಿ ಮೂವರು ಅತ್ತರೆಂದು ಆಗ ಸಂಪಾದಕರು ಹೇಳಿದ್ದರು. ಈಗ ನಾಲ್ಕನೆಯವಳಾಗಿ ನಾನೂ ಅಳಬೇಕಾಗಿದೆ, ಬೇರೆ ಕಾರಣಕ್ಕೆ.

ದಯವಿಟ್ಟು ಅದನ್ನು ಹಾಕಬೇಡಿ ಎಂದೆ. ಏಕೆ ಎಂದು ಕೇಳಿದರು. ಫೋನಿನಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ನಾಲ್ಕು ವರ್ಷದಿಂದ ವಲಸೆಯ ಕಥನಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಊರು ಬಿಟ್ಟವರು ಬರೆದದ್ದನ್ನು ಓದುವುದೇ ನನ್ನ ಕೆಲಸ. ಈ ದಂಡೆಯಿಂದ ನಮ್ಮವರು ಬರೆಯುವ ಪ್ರಬಂಧಗಳಲ್ಲಿ ಮೂರು ವಸ್ತುಗಳು ಬಹುತೇಕ ಕಡ್ಡಾಯ: ಮೇಪಲ್ ಎಲೆ, ಮೊದಲ ಹಿಮ, ತವರಿಗೆ ಮರಳುವ ಸಾಲ್ಮನ್. ಮೊದಲೆರಡರಿಂದ ಯಾರಿಗೂ ನಷ್ಟವಿಲ್ಲ. ಮೂರನೆಯದರ ಮೇಲೆ ನನಗೆ ಜಗಳವಿದೆ, ಮೊದಲ ಆರೋಪಿ ನಾನೇ ಆದರೂ.

ಮೂರು ನಾಲ್ಕು ವರ್ಷ ಬದುಕಿದ ಜೀವವೊಂದರ ಕೊನೆಯ ಕೆಲವು ವಾರಗಳನ್ನು ಸೇತುವೆಯ ಮೇಲಿಂದ ನೋಡಿ ನಾವು ಅದರ ಇಡೀ ಬದುಕಿನ ಅರ್ಥ ಹೇಳಿಬಿಡುತ್ತೇವೆ. ಹೊಳೆ ಸೇರಿದ ಸಾಲ್ಮನ್ ತಿನ್ನುವುದನ್ನು ಬಿಡುತ್ತದೆ. ಮೈಯ ಕೊಬ್ಬು ಕರಗುತ್ತದೆ, ಬೆಳ್ಳಿಯ ಬಣ್ಣ ಹೋಗಿ ಚರ್ಮ ಕಂದುತ್ತದೆ, ಮೊಟ್ಟೆಯಿಟ್ಟು ಸಾಯುತ್ತದೆ. ಇಲ್ಲಿಯ ಚಿನೂಕ್, ಕೋಹೊ, ಸಾಕ್‌ಐ, ಪಿಂಕ್, ಚಮ್ ಐದಕ್ಕೂ ಅದೇ ಗತಿ. ಪ್ರಬಂಧಕಾರರು ಕಣ್ಣೊರೆಸಿಕೊಂಡು ಮನೆಗೆ ಹೋಗಿರುತ್ತಾರೆ. ಎರಡು ವಾರ ಬಿಟ್ಟು ಅದೇ ಸೇತುವೆಗೆ ಬಂದರೆ ಮೂಗು ಮುಚ್ಚಿಕೊಳ್ಳಬೇಕು. ಆ ಎರಡನೇ ಭೇಟಿಯ ಬಗ್ಗೆ ಕನ್ನಡದಲ್ಲಿ ನಾನೊಂದು ಸಾಲನ್ನೂ ಓದಿಲ್ಲ.

ಇನ್ನು ‘ತವರು’ ಎಂಬ ಮಾತು. ಅದು ಮದುವೆಯಾಗಿ ಹೋದ ಹೆಣ್ಣಿನ ಮಾತು. ಹೋಗಲೇಬೇಕೆಂದು ಕಳಿಸಿದವರ ಮನೆ ಅದು. ವರ್ಷಕ್ಕೊಮ್ಮೆ ಬಂದರೂ ನೆಂಟಳಂತೆ ಬರಬೇಕಾದ ಮನೆ. ಆ ನೋವಿನ ಪದವನ್ನು ಒಳ್ಳೆಯ ಸಂಬಳಕ್ಕೆ ತಾವೇ ಇಷ್ಟಪಟ್ಟು ಬಂದ ಗಂಡಸರು ಎತ್ತಿಕೊಂಡು ಮೀನಿನ ಬೆನ್ನಿಗೆ ಕಟ್ಟಿದ್ದಾರೆ. ಗಂಗೊಳ್ಳಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದ ನನ್ನ ಅಮ್ಮನಿಗೆ ಈ ಪ್ರಬಂಧಗಳನ್ನು ಓದಿ ಹೇಳಿದರೆ ಅವಳು ಮೊದಲು ಕೇಳುವುದು ಮೀನು ತಾಜಾ ಇತ್ತಾ ಎಂದು.

ನನಗೆ ಬುದ್ಧಿ ಬಂದದ್ದು ಪುಸ್ತಕದಿಂದಲ್ಲ. ನಾನು ಬಾಡಿಗೆಗಿರುವ ನೆಲಮಾಳಿಗೆಯ ಮೇಲಿನ ಮನೆಯಲ್ಲಿ ಮಾಲೀಕರಿದ್ದಾರೆ. ಪಂಜಾಬಿನವರು, ಮರ ಕೊಯ್ಯುವ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. 18 ಅಡಿಯ ಅಲ್ಯೂಮಿನಿಯಂ ದೋಣಿಯೊಂದು ಅವರ ಅಂಗಳದಲ್ಲಿ ನಿಂತಿರುತ್ತದೆ. ಮೊನ್ನೆಯ ಹಿಂದಿನ ಫೆಬ್ರವರಿಯಲ್ಲಿ ಜೊತೆಗೆ ಬರುವವರಿಲ್ಲದೆ ನನ್ನನ್ನು ಕರೆದರು: “ಬೇಟಾ, ಮೀನುಗಾರರ ಮನೆಯವಳು ಅಂತೀಯ, ಬರ್ತೀಯಾ?” ನಮ್ಮ ಕಡೆ ಹೆಂಗಸರು ಮೀನು ಮಾರುತ್ತಾರೆ, ಒಣಗಿಸುತ್ತಾರೆ, ಬೋಟ್ ಹತ್ತುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅಂಕಲ್‌ಜಿ, ಬರ್ತೀನಿ ಎಂದೆ.

ಟ್ರೋಲಿಂಗಿಗೆ ಹೋಗಿದ್ದೆ ಎಂದಾಗ ಊರಿನ ಗೆಳತಿಯರು ಫೇಸ್‌ಬುಕ್ಕಿನ ಜಗಳ ಎಂದುಕೊಂಡರು. ಅಮ್ಮ ಟ್ರಾಲ್ ಬೋಟ್ ಎಂದುಕೊಂಡಳು. ಅಪ್ಪ ಟ್ರಾಲ್ ಬೋಟಿನಲ್ಲಿ ತಾಂಡೇಲನಾಗಿದ್ದವನು. “ಅಷ್ಟೆಲ್ಲ ಓದ್ಕಂಡ್ ಅಲ್ಲಿಗ್ ಹೋಯ್ ಕಡೀಗೂ ಬೋಟ್ ಹತ್ತಿದ್ಯಲ್ದಾ ಹೆಣೇ” ಎಂದಳು. ಟ್ರಾಲ್ ಎಂದರೆ ಕಡಲ ತಳವನ್ನು ಬಾಚಿಕೊಂಡು ಬರುವ ಬಲೆ. ಟ್ರೋಲ್ ಎಂದರೆ ನಿಧಾನ ನಡೆಯುವ ದೋಣಿಯ ಹಿಂದೆ ಗಾಳ ಎಳೆಯುವುದು, ನಮ್ಮಲ್ಲಿ ಅಂಜಲ್ ಮೀನಿಗೆ ಎಳೆಯುವ ಹಾಗೆ. ಒಂದು ಗಾಳ, ಒಂದು ಮೀನು. (ಕಾರವಾರದ ಹೋಟೆಲುಗಳಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಬಡಿಸುವ ರಾವಸಕ್ಕೂ ಈ ಸಾಲ್ಮನ್‌ಗೂ ಯಾವ ನೆಂಟಸ್ತನವೂ ಇಲ್ಲ. ಕೇಳುವವರಿದ್ದಾರೆ, ಅದಕ್ಕೆ ಹೇಳಿದೆ.)

ಬೆಳಗಿನ ಏಳಕ್ಕೆ ಹೌ ಸೌಂಡಿನಲ್ಲಿ ದೋಣಿ ಇಳಿಸಿ ಬೋವೆನ್ ದ್ವೀಪದ ಕಡೆ ಹೊರಟೆವು. ಎರಡು ಬದಿಗೂ ಹಿಮದ ಬೆಟ್ಟ, ನಡುವೆ ಕಪ್ಪು ನೀರು, ಮೇಲೆ ಜಿಟಿಜಿಟಿ ಮಳೆ. ನನಗೆ ಗೊತ್ತಿದ್ದ ಒಂದೇ ಸಾಲ್ಮನ್ ಜ್ಞಾನವನ್ನು ಪ್ರದರ್ಶಿಸಿದೆ: ಇವು ಯಾವ ಹೊಳೆಗೆ ಮರಳುತ್ತಿವೆ? ಅಂಕಲ್‌ಜಿ ನಕ್ಕರು. “ಯಾವುದಕ್ಕೂ ಇಲ್ಲ. ಇವು ಇಲ್ಲಿ ತಿನ್ನೋಕೆ ಬಂದಿವೆ.”

ಚಳಿಗಾಲದ ಚಿನೂಕ್ ಇನ್ನೂ ಪ್ರಾಯಕ್ಕೆ ಬಂದಿರದ ಮೀನು. ಹೊಳೆಯ ಯೋಚನೆ ಅದಕ್ಕೆ ಇನ್ನೂ ಒಂದೋ ಎರಡೋ ವರ್ಷ ದೂರ. ಬ್ರಿಟಿಷ್ ಕೊಲಂಬಿಯಾದ ಗಾಳದವರು ಚಿನೂಕನ್ನು ‘ಸ್ಪ್ರಿಂಗ್’ ಎಂದೂ ಕರೆಯುವುದರಿಂದ ಇದಕ್ಕೆ ‘ವಿಂಟರ್ ಸ್ಪ್ರಿಂಗ್’ ಎಂಬ ಹೆಸರಿದೆ. ಚಳಿಗಾಲದ ವಸಂತ! ಗಡಿಯಾಚೆ ವಾಷಿಂಗ್ಟನ್ನಿನವರು ಒಸಡಿನ ಕಪ್ಪು ನೋಡಿ ‘ಬ್ಲ್ಯಾಕ್‌ಮೌತ್’ ಎನ್ನುತ್ತಾರೆ. ಹೆರಿಂಗ್, ಸ್ಯಾಂಡ್ ಲ್ಯಾನ್ಸ್ ಎಂಬ ಸಣ್ಣ ಮೀನುಗಳ ಹಿಂಡು ಎಲ್ಲಿದೆಯೋ ಅಲ್ಲಿ, ಹೆಚ್ಚಾಗಿ ತಳಕ್ಕೆ ಹತ್ತಿರ, 100ರಿಂದ 200 ಅಡಿ ಆಳದಲ್ಲಿ ಇರುತ್ತದೆ. ಫ್ರೇಸರ್ ನದಿಯ ಮರಿ, ವ್ಯಾಂಕೂವರ್ ದ್ವೀಪದ ಮರಿ, ಅಮೆರಿಕದ ಪ್ಯೂಜೆಟ್ ಸೌಂಡಿನ ಮರಿ ಎಲ್ಲ ಒಂದೇ ಗುಡ್ಡೆಯ ಮೇಲೆ ಕಲೆತು ಮೇಯುತ್ತವೆ.

ಇದು ಗೊತ್ತಿಲ್ಲದಿದ್ದರೆ ಒಂದೂ ಮೀನು ಸಿಗುವುದಿಲ್ಲ. ಗಾಳದ ಸಾಮಾನು ಅಂದರೆ ಏನು ಎಂದು ನನಗೆ ಅರ್ಥವಾದದ್ದು ಆಗ. ಆಗಸ್ಟಿನ ಮೀನು ಹಾದುಹೋಗುವ ಮೀನು. ದಾರಿಯಲ್ಲಿ ಕಾದರೆ ಸಾಕು. ಫೆಬ್ರವರಿಯ ಮೀನು ನೆಲೆಸಿದ ಮೀನು. ಅದರ ಊಟದ ಹೊತ್ತು, ಊಟದ ಅಳತೆ, ಊಟದ ಜಾಗ ತಿಳಿಯಬೇಕು.

ಮೊದಲು ಆಳ. 150 ಅಡಿ ಎಂದರೆ 25 ಮಾರು. ಅಷ್ಟು ಕೆಳಗೆ ಹಗುರದ ದಾರ ತಾನಾಗಿ ಇಳಿಯುವುದಿಲ್ಲ, ದೋಣಿ ನಡೆಯುವಾಗಲಂತೂ ಇಲ್ಲ. ಅದಕ್ಕೆ ಡೌನ್‌ರಿಗ್ಗರ್: ದೋಣಿಯ ಅಂಚಿಗೆ ಬಿಗಿದ ಚಕ್ರ, ಉಕ್ಕಿನ ತಂತಿ, ತುದಿಯಲ್ಲಿ 15 ಪೌಂಡಿನ ಸೀಸದ ಗುಂಡು. ಗುಂಡಿನ ಬಳಿ ಒಂದು ಚಿಮಟಿಗೆ ಗಾಳದ ದಾರ ಸಿಕ್ಕಿಸಿ ಎರಡನ್ನೂ ಒಟ್ಟಿಗೆ ಇಳಿಸುವುದು. ಮೀನು ಕಚ್ಚಿದರೆ ದಾರ ಚಿಮಟಿಗೆಯಿಂದ ಕಳಚಿಕೊಳ್ಳುತ್ತದೆ, ಆಮೇಲೆ ಗುಂಡಿನ ಹಂಗಿಲ್ಲ. ಅಂಕಲ್‌ಜಿಯ ಡೌನ್‌ರಿಗ್ಗರ್ ಕೈಯಿಂದ ತಿರುಗಿಸುವಂಥದ್ದು. ಗುಂಡು ತಳಕ್ಕೆ ಒಮ್ಮೆ ತಾಗಬೇಕು, ತಂತಿ ಸಡಿಲಾದದ್ದು ಕೈಗೆ ಗೊತ್ತಾಗಬೇಕು, ಕೂಡಲೇ ನಾಲ್ಕೈದು ಅಡಿ ಎತ್ತಬೇಕು. ತಳ ಏರಿಳಿದ ಹಾಗೆಲ್ಲ ಇದೇ ಕೆಲಸ. ಅರ್ಧ ಗಂಟೆಯಲ್ಲಿ ನನ್ನ ತೋಳು ಬಿದ್ದುಹೋಯಿತು. ಎಳೆತಕ್ಕೆ ತಂತಿ ಹಿಂದಕ್ಕೆ ವಾಲುವುದರಿಂದ ಎಣಿಕೆಯ ಮುಳ್ಳು 160 ತೋರಿಸಿದರೂ ಗುಂಡು ಅಷ್ಟು ಕೆಳಗೆ ಇರುವುದಿಲ್ಲ. ಯಂತ್ರ ಹೇಳಿದ್ದನ್ನು ನಂಬಬೇಡ, ತಂತಿಯ ಓರೆ ನೋಡು ಎಂದರು.

ಆಮೇಲೆ ಫ್ಲ್ಯಾಷರ್. 11 ಇಂಚಿನ ಪ್ಲಾಸ್ಟಿಕ್ ಹಲಗೆ, ನೀರಿನಲ್ಲಿ ಎಳೆದರೆ ಗಿರಗಿರ ಸುತ್ತುತ್ತ ಮಿಂಚುತ್ತದೆ. ಅದರಲ್ಲಿ ಕೊಕ್ಕೆಯಿಲ್ಲ. ಬೇಟೆಯಾಡುವ ಇನ್ನೊಂದು ಮೀನಿನ ಹೊಳಪು ಎಂದುಕೊಂಡು ಚಿನೂಕ್ ಹತ್ತಿರ ಬರುತ್ತದೆಂದು ನಂಬಿಕೆ. ಅದರ ಹಿಂದೆ ಲೀಡರ್ ಎಂಬ ದಾರದ ತುಂಡು, ಅದರ ತುದಿಗೆ ಹೂಚಿ: ಬೊಂಡಾಸಿನ ಆಕಾರದ ಮೆತ್ತನೆಯ ಪ್ಲಾಸ್ಟಿಕ್ ಲಂಗ, ಒಳಗೆ ಕೊಕ್ಕೆ. ನಾನು ಲೀಡರ್ ಕಟ್ಟಿದೆ, ಕಣ್ಣಂದಾಜಿನಲ್ಲಿ, ಐದು ಅಡಿ. ಅಂಕಲ್‌ಜಿ ಬಿಚ್ಚಿಸಿದರು. 36 ಇಂಚು. ಅಳೆದು ಕಟ್ಟು.

ಯಾಕೆ 36? ಹೂಚಿಗೆ ತನ್ನದೇ ಆದ ಚಲನೆ ಇಲ್ಲ. ಫ್ಲ್ಯಾಷರ್ ಸುತ್ತುವಾಗ ಕೊಡುವ ಜಗ್ಗಾಟವೇ ಅದರ ಜೀವ. ದಾರ ಉದ್ದವಾದರೆ ಆ ಜಗ್ಗು ದಾರಿಯಲ್ಲೇ ಕರಗಿ ಹೂಚಿ ಸತ್ತ ಬಟ್ಟೆಯಂತೆ ತೇಲುತ್ತದೆ. ತೀರ ಗಿಡ್ಡವಾದರೆ ಮೀನಿಗೆ ಬೆನ್ನಟ್ಟಲಾಗದಷ್ಟು ಹುಚ್ಚೆದ್ದು ಕುಣಿಯುತ್ತದೆ. ಅದಕ್ಕೇ ದಪ್ಪ, ಬಿಗಿ ದಾರ, ಮೂರು ಅಡಿಯ ಆಸುಪಾಸು. ಅದೇ ಲೋಹದ ಸ್ಪೂನ್ ಕಟ್ಟುವುದಾದರೆ ಅದು ತಾನೇ ಓಲಾಡುತ್ತದೆ, ಅದಕ್ಕೆ ಐದಾರು ಅಡಿ ಬಿಡಬೇಕು. ಚಳಿಗಾಲದಲ್ಲಿ ಸ್ಪೂನ್ ಕೂಡ ಸಣ್ಣದು, ಮೂರು ಮೂರೂವರೆ ಇಂಚು, ಏಕೆಂದರೆ ಹೊಟ್ಟೆಯಲ್ಲಿ ಸಿಗುವ ಮೀನು ಅಷ್ಟೇ. ಬಣ್ಣವೂ ಶೋಕಿಯಲ್ಲ: ಆ ಆಳದಲ್ಲಿ ಕೆಂಪು ಕಾಣುವುದೇ ಇಲ್ಲ, ಹಸಿರು ಬಿಳಿಗಳು ಚೂರು ಉಳಿಯುತ್ತವೆ. ಆದ್ದರಿಂದ ಕತ್ತಲಲ್ಲಿ ಹೊಳೆಯುವ ಹೂಚಿಗೆ ಟಾರ್ಚ್ ಹಿಡಿದು ಬೆಳಕು ಕುಡಿಸಿ ಇಳಿಸುತ್ತಾರೆ.

ದೋಣಿಯ ವೇಗ ಎರಡೂವರೆ ನಾಟ್ ಆಸುಪಾಸು, ಉಬ್ಬರವಿಳಿತದ ಸೆಳೆತದ ಜೊತೆಗೇ. ನೇರ ಹೋಗದೆ ಹಾವಿನಂತೆ ಬಳುಕುತ್ತ ಹೋದರು. ದೋಣಿ ತಿರುಗುವಾಗ ಒಳಬದಿಯ ಗಾಳ ನಿಧಾನವಾಗಿ ತಗ್ಗುತ್ತದೆ, ಹೊರಬದಿಯದು ವೇಗವಾಗಿ ಏಳುತ್ತದೆ. ಯಾವ ಬದಿಗೆ ಕಚ್ಚಿತೋ ಅದರಿಂದ ಇವತ್ತು ಮೀನಿಗೆ ಯಾವ ವೇಗ ಬೇಕು ಎಂದು ತಿಳಿಯುತ್ತದೆ. ನನಗಿದು ಬೆರಗು. ನಾಲ್ಕು ವರ್ಷ ನಾನು ‘ನಿಕಟ ಓದು’ ಎಂದು ಕಲಿತದ್ದು ಇದಕ್ಕಿಂತ ಎಷ್ಟು ನಿಕಟವಾಗಿತ್ತು? ನೋಡಲಾಗದ ಜೀವವೊಂದು 25 ಮಾರು ಕೆಳಗೆ ಏನು ತಿನ್ನುತ್ತಿದೆ, ಹೇಗೆ ಚಲಿಸುತ್ತಿದೆ, ಯಾವ ಹೊತ್ತಿಗೆ ಹಸಿಯುತ್ತದೆ ಎಂದು ಕೇಳುವುದಕ್ಕೆ ಮೂರು ಅಡಿ ದಾರವನ್ನು ಅಳೆಯುವುದು. ನನ್ನ ಪ್ರಬಂಧ ಆ ಜೀವವನ್ನು ಏನನ್ನೂ ಕೇಳಿರಲಿಲ್ಲ. ನನ್ನ ಬಗ್ಗೆ ಮಾತ್ರ ಕೇಳಿಕೊಂಡಿತ್ತು.

ಹತ್ತೂವರೆಗೆ ಇಳಿತ ನಿಂತು ಉಬ್ಬರ ಶುರುವಾಗುವ ಹೊತ್ತಿನಲ್ಲಿ ಮೂರು ಸಣ್ಣವು ಬಂದವು. ಮೂಗಿನಿಂದ ಬಾಲದ ಕವಲಿನವರೆಗೆ 62 ಸೆಂಟಿಮೀಟರ್ ಇಲ್ಲದ ಚಿನೂಕನ್ನು ಅಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೊಕ್ಕೆಗೆ ಮರುಮುಳ್ಳೂ ಇರಬಾರದು. ನೀರಿನಿಂದ ಎತ್ತದೆ ಕೊಕ್ಕೆ ತಿರುಗಿಸಿ ಬಿಟ್ಟೆವು. ನಾಲ್ಕನೆಯದು ದಾರ ಕಳಚಿಕೊಂಡು ಓಡಿತು, ರೀಲಿನ ಹಿಡಿ ಹುಚ್ಚೆದ್ದು ತಿರುಗಿ ನನ್ನ ಬೆರಳಿನ ಗೆಣ್ಣುಗಳನ್ನು ಬಡಿಯಿತು. 70 ಸೆಂಟಿಮೀಟರ್. ಬೆನ್ನಿನ ಹಿಂದೆ ಬಾಲದ ಬಳಿ ಇರಬೇಕಾದ ಪುಟ್ಟ ರೆಕ್ಕೆ ಇರಲಿಲ್ಲ: ಮರಿ ಮಾಡುವ ಕೇಂದ್ರದಲ್ಲಿ ಹುಟ್ಟಿದ್ದು ಎಂಬ ಗುರುತಿಗೆ ಅದನ್ನು ಚಿಕ್ಕಂದಿನಲ್ಲೇ ಕತ್ತರಿಸಿರುತ್ತಾರೆ. ಅಂಥ ಹಲವು ಮೀನುಗಳ ಮೂಗಿನೊಳಗೆ ಒಂದು ಮಿಲಿಮೀಟರಿನಷ್ಟು ಉದ್ದದ ತಂತಿ ಇರುತ್ತದೆ, ಎಲ್ಲಿ ಯಾವ ವರ್ಷ ಬಿಟ್ಟರು ಎಂಬ ಸಂಕೇತ ಅದರ ಮೇಲೆ. ತಲೆ ಕತ್ತರಿಸಿ ಚೀಟಿ ಕಟ್ಟಿ ಅದಕ್ಕೆಂದೇ ಇಟ್ಟ ಪೆಟ್ಟಿಗೆಗೆ ಹಾಕಿ ಬಂದೆವು.

ಈಗ ಹೇಳಿ, ಈ ಮೀನಿನ ತವರು ಯಾವುದು? ಸಿಮೆಂಟಿನ ತೊಟ್ಟಿ. ಅದು ಮರಳುವುದಿದ್ದರೆ ಪೈಪಿನಲ್ಲಿ ಬರುವ ನೀರಿನ ವಾಸನೆ ಹಿಡಿದು ಆ ತೊಟ್ಟಿಗೇ ಮರಳಬೇಕು. ಅಲ್ಲಿ ಕೈಚೀಲ ಹಾಕಿಕೊಂಡವರು ಕಾದಿರುತ್ತಾರೆ.

ತೊಟ್ಟಿಗಳು ಬಂದದ್ದಕ್ಕೆ ಕಾರಣಗಳಿವೆ, ನಮ್ಮ ತವರಿನ ಪ್ರಬಂಧಗಳು ಮುಚ್ಚಿಡುವುದೂ ಅದನ್ನೇ. 1913–14ರಲ್ಲಿ ಫ್ರೇಸರ್ ಕಣಿವೆಯ ಹೆಲ್ಸ್ ಗೇಟಿನಲ್ಲಿ ರೈಲುದಾರಿ ಕಡಿದ ಕಲ್ಲುಮಣ್ಣು ನದಿಗೆ ಬಿದ್ದು, ಮೇಲೇರುವ ಮೀನಿನ ದಾರಿಯೇ ಕಟ್ಟಿಹೋಯಿತು. ದಕ್ಷಿಣದ ಕೊಲಂಬಿಯಾ ನದಿಗೆ ಅಡ್ಡ ನಿಂತ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನೇಣಿಯೇ ಇಲ್ಲ. ಅದರ ಮೇಲಿನ ಹೊಳೆಗಳಲ್ಲಿ ಹುಟ್ಟುತ್ತಿದ್ದ ಸಾಲ್ಮನ್ ಸಂತತಿಗೆ ಮರಳುವ ಮಾತೇ ಉಳಿಯಲಿಲ್ಲ. ಫ್ರೇಸರ್ ಕಡಲು ಸೇರುವ ಬಾಯಿಯಲ್ಲಿ ಸಾವಿರಾರು ವರ್ಷಗಳಿಂದ ಇರುವವರು ಮಸ್ಕ್ವಿಯಂ ಜನ. ಅವರು ಎಲ್ಲಿಗೂ ಹೋಗಿಲ್ಲ, ಸಾಲ್ಮನ್ ಅವರಲ್ಲಿಗೆ ಬರುತ್ತದೆ. 1888ರ ನಿಯಮಗಳು ಇಂಥ ಮೂಲನಿವಾಸಿಗಳಿಗೆ ಹೊಟ್ಟೆಗಾಗಿ ಮೀನು ಹಿಡಿಯಿರಿ, ಮಾರಬೇಡಿ ಎಂದವು. 1984ರಲ್ಲಿ ರೊನಾಲ್ಡ್ ಸ್ಪ್ಯಾರೋ ಎಂಬ ಮಸ್ಕ್ವಿಯಂ ಮೀನುಗಾರನ ಮೇಲೆ ಕೇಸು ಹಾಕಿದ್ದು ಏಕೆ ಗೊತ್ತೇ? ಅವನ ಬಲೆ 45 ಮಾರು ಉದ್ದ ಇತ್ತು, ಪರವಾನಗಿಯಲ್ಲಿ ಬರೆದದ್ದು 25 ಮಾರು. ಆರು ವರ್ಷ ನಡೆದು 1990ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಅವರ ಮೀನುಗಾರಿಕೆಯ ಹಕ್ಕು ಅಳಿದಿಲ್ಲ ಎಂದಿತು. ನನ್ನ ತರಗತಿಗಳು ನಡೆಯುವುದು ಅವರ ನೆಲದ ಮೇಲೆ. ಅಲ್ಲಿ ಕೂತು ಸಾಲ್ಮನ್ ನನ್ನ ವಿರಹದ ಸಂಕೇತ ಎಂದು ಬರೆಯುವುದಕ್ಕೆ ಎಷ್ಟು ಧೈರ್ಯ ಬೇಕು! ನನಗಿತ್ತು, ಏಕೆಂದರೆ ಬಲೆಯ ಉದ್ದದ ಕತೆ ಗೊತ್ತಿರಲಿಲ್ಲ.

ರೂಪಕವನ್ನೇ ಒಪ್ಪುವುದಾದರೂ ಅದು ಅರ್ಧ ಸುಳ್ಳು. ಎಲ್ಲ ಸಾಲ್ಮನ್‌ಗಳೂ ಹುಟ್ಟಿದ ಹೊಳೆಗೆ ಮರಳುವುದಿಲ್ಲ, ಕೆಲವು ಬೇರೆ ಹೊಳೆ ಹತ್ತುತ್ತವೆ. ಸುಮಾರು 15,000 ವರ್ಷಗಳ ಹಿಂದೆ ಈ ಪ್ರಾಂತ್ಯದ ಬಹುಭಾಗ ಹಿಮದ ಹಾಳೆಯಡಿ ಇತ್ತು. ಹಿಮ ಸರಿದು ತೆರೆದ ಹೊಳೆಗಳಿಗೆ ಮೊದಲು ಬಂದ ಸಾಲ್ಮನ್ ದಾರಿ ತಪ್ಪಿದ ಸಾಲ್ಮನ್ನೇ ಇರಬೇಕು, ಅಲ್ಲಿ ಮರಳಲು ತವರೇ ಇರಲಿಲ್ಲವಲ್ಲ. ಕಳೆದ ಶತಮಾನದ ಮೊದಲಿಗೆ ಕ್ಯಾಲಿಫೋರ್ನಿಯಾದ ಚಿನೂಕ್ ಮೊಟ್ಟೆಗಳನ್ನು ನ್ಯೂಜಿಲೆಂಡಿಗೆ ಒಯ್ದರು. ಮರಿಗಳು ಬೆಳೆದು ಅಲ್ಲಿಯ ಹೊಳೆಗಳಿಗೇ ಮರಳಿದವು, ಪಕ್ಕದ ಬೇರೆ ಹೊಳೆಗಳಿಗೂ ಹತ್ತಿ ಸಂಸಾರ ಹೂಡಿದವು. ಅಜ್ಜಿಯ ಊರನ್ನು ಯಾವುದೂ ಹುಡುಕಿಕೊಂಡು ಹೋಗಲಿಲ್ಲ. ಈ ದಾರಿತಪ್ಪಿದವರ ಮೇಲೆ ಒಂದು ಕನ್ನಡ ಪದ್ಯ ತೋರಿಸಿ, ನನ್ನ ಜಗಳ ವಾಪಸ್ ತೆಗೆದುಕೊಳ್ಳುತ್ತೇನೆ.

ಧಾರವಾಡದ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, “ಹಂಗಾರ ಕವಿ ಆದಂವ ಮೀನಿನ ಡಾಕ್ಟರ್ ಆಗಬೇಕೇನು?” ಎಂದ. ಬೇಡ. ತೇಜಸ್ವಿ ಗಾಳ ಹಿಡಿದು ಕೂತವರು, ಡಾಕ್ಟರಾಗಿರಲಿಲ್ಲ. ಮೀನಿನ ಬಗ್ಗೆ ಬರೆದಾಗ ಮೀನಿನ ಬಗ್ಗೆಯೇ ಬರೆದರು. ಅವರನ್ನು ನಾವೆಲ್ಲ ಮೆಚ್ಚುತ್ತೇವೆ, ಪೋಸ್ಟರ್ ಅಂಟಿಸುತ್ತೇವೆ, ಆಮೇಲೆ ಗಾಳದ ದಾರದ ವಿವರ ಬಂದ ಕೂಡಲೇ ‘ತಾಂತ್ರಿಕ’ ಎಂದು ಪುಟ ಮಗುಚುತ್ತೇವೆ. ಕೆಲಸದ ಪದಗಳಿಗೆ ನಮ್ಮ ಸಾಹಿತ್ಯದ ಜಗುಲಿಯಲ್ಲಿ ಜಾಗವಿಲ್ಲದ್ದಕ್ಕೂ ಆ ಕೆಲಸ ಮಾಡುವವರಿಗೆ ಜಾಗವಿಲ್ಲದ್ದಕ್ಕೂ ಸಂಬಂಧವಿದೆ ಎಂದು ನನಗೆ ಗುಮಾನಿ. ಅಪ್ಪನ ಬಾಯಲ್ಲಿ ಬಲೆಗೆ, ಗಾಳಿಗೆ, ಸೆಳೆತಕ್ಕೆ ಇದ್ದ ಮಾತುಗಳಲ್ಲಿ ಒಂದನ್ನೂ ನಾನು ಎಂಎ ಮುಗಿಸುವವರೆಗೆ ಬರೆದಿರಲಿಲ್ಲ. ‘ಮಾರು’ ಎಂದು ಬರೆಯುತ್ತಿರುವುದೂ ಇದೇ ಮೊದಲು.

ನನ್ನ ಗಾಳವೂ ಮುಗ್ಧವಲ್ಲ. ಈ ನೀರಿನಲ್ಲಿ ಚಿನೂಕನ್ನೇ ಮುಖ್ಯವಾಗಿ ತಿಂದು ಬದುಕುವ ಓರ್ಕಾಗಳ ಒಂದು ಬಳಗ ಉಳಿದಿದೆ, 75ರ ಆಸುಪಾಸು. 2018ರಲ್ಲಿ ಅದರ ಒಬ್ಬ ತಾಯಿ ಸತ್ತ ಮರಿಯನ್ನು 17 ದಿನ ಹೊತ್ತು ಈಜಿದಳು, ಆಗಲೂ ಲೋಕವೆಲ್ಲ ತಾಯ್ತನದ ಬಗ್ಗೆ ಬರೆಯಿತು, ಚಿನೂಕಿನ ಬಗ್ಗೆ ಕಡಿಮೆ ಬರೆಯಿತು. ನಾವು ಬಿಟ್ಟ ಮೂರು ಸಣ್ಣವುಗಳಲ್ಲಿ ಎಲ್ಲವೂ ಬದುಕಿದವೆಂದು ನಾನು ಆಣೆ ಮಾಡಲಾರೆ. ಅಂಕಲ್‌ಜಿಯನ್ನು ಕೇಳಿದೆ. ಅದಕ್ಕೇ ಒಂದು ಸಿಕ್ಕಿದರೆ ಸಾಮಾನು ಎತ್ತಿಬಿಡೋದು ಎಂದರು. ಅವತ್ತು ಎತ್ತಿದರು ಕೂಡ. ಅದು ಸಾಕೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾನು ಆಮೇಲೆ ಮೂರು ಸಲ ಹೋಗಿದ್ದೇನೆ.

ಮೀನಿನ ಹೊಟ್ಟೆ ಸೀಳಿದಾಗ ನಾಲ್ಕು ಹೆರಿಂಗ್ ಇದ್ದವು, ನನ್ನ ಕಿರುಬೆರಳಿಗಿಂತ ತುಸು ಉದ್ದ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. “ಇದ್ಕ್ ಭೂತಾಯಿ ತಿಂಬೂಕ್ ಸಿಕ್ಕಿತ್, ಅದ್ಕೇ ಇಷ್ಟ್ ಕೊಬ್ಬಿತ್” ಎಂದಳು, ಕಿಲೋಗೆ ಎಷ್ಟು ಎಂದು ಕೇಳಿದಳು. ಯಾವಾಗ ಬರ್ತೆ ಎಂದು ಅವಳು ಕೇಳುವುದು ಬಿಟ್ಟು ಎರಡು ವರ್ಷವಾಯಿತು. ಕೇಳುವವರು ಬೇರೆಯವರು, ಹೆಚ್ಚಿನವರು ಪ್ರಬಂಧ ಓದಿದವರು.

ಕೂಟದ ಸಂಪಾದಕರಿಗೆ ಹಳೆಯದರ ಬದಲು ಇದನ್ನೇ ಕಳಿಸಿದ್ದೆ. ಓದಿ ನಿನ್ನೆ ಮೆಸೇಜ್ ಹಾಕಿದ್ದಾರೆ: ಚೆನ್ನಾಗಿದೆ ಮೇಡಂ, ಆದರೆ ಈ ಸಲದ ಸಂಚಿಕೆಯ ಹೆಸರು ‘ಮರಳಿ ತವರಿಗೆ’, ಆ ದಾರ, ಗುಂಡು, 36 ಇಂಚು ಇತ್ಯಾದಿ ತೆಗೆದರೆ ಹೊಂದಿಸಬಹುದು. ತೆಗೆಯುವುದಿಲ್ಲ ಎಂದು ಬರೆದಿದ್ದೇನೆ. ಶನಿವಾರ ಬೆಳಗಿನ ಒಂಬತ್ತಕ್ಕೆ ಇಳಿತ ನಿಲ್ಲುತ್ತದೆ, ಇವತ್ತು ರಾತ್ರಿ ಇನ್ನೆರಡು ಲೀಡರ್ ಕಟ್ಟಬೇಕು.